ಎವೆಯಿಕ್ಕುವಷ್ಟು ಹೊತ್ತು

"ಬುದ್ಧಿ, ಒಬ್ಬ ಮನುಷ್ಯ ಕೆಟ್ಟವನು ಅಂತ ಗೊತ್ತು ಮಾಡ್ಕೊಳ್ಳೋಕೆ ಎಷ್ಟು ಕಾಲ ನೋಡಬೇಕು?"

ಮುರಿಗೆಯ್ಯ ಹೀಗೆ ಕೇಳಿದಾಗ ಗುರುಗಳು ಪ್ರಸಾದ ಮುಗಿಸಿ ಮಠದ ಜಗಲಿಯಲ್ಲಿ ಕೂತಿದ್ದರು. ನಾಲ್ಕು ದಿನ ಪರಸ್ಥಳಕ್ಕೆ ಹೋಗಿ ಆಗತಾನೆ ಮರಳಿದ್ದರು. ಅವರಿಲ್ಲದಾಗ ಮಠದ ಹೊಣೆ ಹಿರಿಯ ಶಿಷ್ಯನಾದ ಮುರಿಗೆಯ್ಯನದು.

"ಯಾರ ವಿಷಯ ಇದು?" ಎಂದರು ಗುರುಗಳು.

"ದ್ಯಾವಪ್ಪಂದು."

ದ್ಯಾವಪ್ಪ ಎಂಟು ವರ್ಷ ಜೈಲಿನಲ್ಲಿದ್ದು ಬಂದವನು. ಊರಿನಲ್ಲಿ ಯಾರೂ ಹತ್ತಿರ ಸೇರಿಸದೆ, ಮಠಕ್ಕೆ ಬಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿಕೊಂಡಿದ್ದ. ಇರಲಿ ಬಿಡು ಎಂದು ಇಟ್ಟುಕೊಂಡವರು ಗುರುಗಳೇ.

"ತಿಂಗಳಿಂದ ಅವನನ್ನ ಎವೆಯಿಕ್ಕದೆ ನೋಡಿದ್ದೀನಿ ಬುದ್ಧಿ. ದಿನಾ ಸಾಯಂಕಾಲ ಟವೆಲ್ಲಲ್ಲಿ ಏನೋ ಮುಚ್ಕೊಂಡು ಹಿತ್ತಲ ಗೋಡೆ ಆಚೆಗೆ ಹೋಗೋನು. ಬರಿಗೈಲಿ ವಾಪಸ್ ಬರೋನು."

"ಏನು ಒಯ್ಯುತ್ತಿದ್ದ?"

"ಅದು ಕಾಣಲಿಲ್ಲ. ಮುಚ್ಕೊಂಡು ಹೋಗ್ತಿದ್ನಲ್ಲ, ಸಾಲದೇ?"

"ಕೇಳಿದೆಯಾ?"

"ಕೇಳಿದ್ರೆ ನಿಜ ಹೇಳ್ತಾನಾ ಬುದ್ಧಿ? ಇವತ್ತು ಬೆಳಗಿನ ಬಸ್ಸಿಗೆ ಕಳಿಸ್ಬಿಟ್ಟೆ. ಹಾಗಂತ ಅವಮಾನ ಮಾಡಿ ಕಳಿಸಲಿಲ್ಲ. ಹೊಸ ಪಂಚೆ ಉಡಿಸಿ, ಬುತ್ತಿ ಕಟ್ಟಿಸಿ, ಕೈಮುಗಿದೇ ಕಳಿಸಿದೆ. ಎಲ್ಲಿಗೆ ಹೋಗ್ತೀಯಪ್ಪ ಅಂದೆ. ಬುತ್ತಿ ಗಂಟು ತಗೊಂಡು ಬಸ್ ಹತ್ತಿದ. ನಾನು ಮಾಡಿದ್ದು ಸರಿ ತಾನೇ?"

ಗುರುಗಳು ಹೇಳಿದರು: "ಕಳಿಸಿ ಬಂದು, ಎಷ್ಟು ಕಾಲ ನೋಡಬೇಕಿತ್ತು ಎಂದು ಕೇಳುತ್ತಿದ್ದೀಯೆ. ಊಟವಾದ ಮೇಲೆ ಎಲೆ ಹಾಕುತ್ತಿದ್ದೀಯೆ, ಮುರಿಗೆಯ್ಯ. ಇರಲಿ. ನೀನು ಒರಗಿ ಕೂತಿರುವ ಬಾಗಿಲಿದೆಯಲ್ಲ, ಅದನ್ನು ಮಾಡಿಕೊಟ್ಟ ಬಡಗಿ ನನಗೊಂದು ಕತೆ ಹೇಳಿದ್ದ. ಅವನದೇ ಕತೆ. ಕೇಳು."

ಮುರಿಗೆಯ್ಯ ಬಾಗಿಲಿನಿಂದ ಬೆನ್ನು ತೆಗೆದು ನೆಟ್ಟಗೆ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಬಡಗಿ ಇದ್ದ. ನಮ್ಮ ಕಡೆಯವನೇ. ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ಒಂದು ಹಳ್ಳಿಯಲ್ಲಿ ಬೇಲಿ, ಗೇಟು, ಬಾಗಿಲು ಮಾಡಿಕೊಂಡಿದ್ದ. ಮೊದಲ ವರ್ಷ ಆ ಊರಿನಲ್ಲಿ ಅವನನ್ನು ಯಾರೂ ಮಾತಾಡಿಸಲಿಲ್ಲ. ಮೊದಲು ಮಾತಾಡಿಸಿದವಳು ಪಕ್ಕದ ಮನೆಯ ಮುದುಕಿ. ಏನೆಂದು ಮಾತಾಡಿಸಿದಳು ಗೊತ್ತೇ? 'ನಿನ್ನ ಹತ್ತಿರ ಹಳೇ ತಗಡು ಇದೆಯೇನಪ್ಪ?' ಎಂದು.

ಇತ್ತು. ಕೊಟ್ಟ. ಕೋಳಿಗೂಡಿಗೆ ಇರಬೇಕು ಎಂದುಕೊಂಡ. ಆಕೆ ಅದನ್ನು ಒಯ್ದು ತನ್ನ ಹಿತ್ತಲಿನ ಕೊನೆಯಲ್ಲಿ, ಹುಲ್ಲು ಮುಗಿದು ಪೊದೆ ಶುರುವಾಗುವಲ್ಲಿ, ಬರಿ ನೆಲದ ಮೇಲೆ ಹಾಸಿ ಬಂದಳು. ಅಲ್ಲಿ ಆಗಲೇ ಅಂಥ ನಾಲ್ಕು ತಗಡುಗಳಿದ್ದವು. ಮುದುಕಿಗೆ ಅರಳುಮರಳು ಎಂದುಕೊಂಡು ಬಡಗಿ ಒಳಗೆ ಹೋದ.

ಅರಳುಮರಳಲ್ಲ. ಆ ದೇಶದಲ್ಲಿ ಚಳಿ ಹೆಚ್ಚು. ಹಾವು ಹಲ್ಲಿಗಳಿಗೆ ಸ್ವಂತ ಕಾವಿಲ್ಲ. ಬಿಸಿಲು ಬಿದ್ದ ತಗಡು ಬೆಚ್ಚಗಾದರೆ ಅದರಡಿ ಬಂದು ಮಲಗುತ್ತವೆ. ವಾರಕ್ಕೊಮ್ಮೆ ತಗಡನ್ನು ಮೆಲ್ಲಗೆ ಎತ್ತುವುದು, ಯಾರು ಬಂದಿದ್ದಾರೆ ನೋಡುವುದು, ಬರೆದಿಟ್ಟುಕೊಳ್ಳುವುದು, ಮತ್ತೆ ಹಾಗೇ ಮುಚ್ಚುವುದು. ಹಿಡಿಯುವುದಿಲ್ಲ, ಸಾಕುವುದಿಲ್ಲ. ಇಷ್ಟಕ್ಕಾಗಿ ರಜೆ ಹಾಕಿ ಹೊರಡುವ ಜನ ಅಲ್ಲಿದ್ದಾರೆ. ನಗಬೇಡ. ನಾವು ಬೆಟ್ಟ ಹತ್ತಿ ದೇವರನ್ನು ನೋಡಿ ಬರುತ್ತೇವಲ್ಲ, ಹಿಡಿದು ತರುತ್ತೇವೆಯೇ?

ಆ ಮಣ್ಣಿನ ಹಾವು ಮೂರೇ ಬಗೆ. ಹಲ್ಲಿಯೂ ಮೂರೇ ಬಗೆ. ನಮ್ಮ ಮಠದ ಹಿಂದಿನ ಬೇಲಿಯಲ್ಲೇ ಅದಕ್ಕಿಂತ ಹೆಚ್ಚಿವೆ. ಹಲ್ಲಿ ಎಂದರೆ ಗೋಡೆಯ ಹಲ್ಲಿಯಲ್ಲ, ನಮ್ಮ ಹಾವರಾಣಿಯ ದಾಯಾದಿ ಎಂದುಕೋ. ಮೂರು ಹಾವಿನಲ್ಲಿ ಜೀವಕ್ಕೆ ಅಂಜಬೇಕಾದದ್ದು ಒಂದು. ಮೂರು ಹಲ್ಲಿಯಲ್ಲಿ ಕಾಲೇ ಇಲ್ಲದ್ದು ಒಂದು. ಮೊಳದುದ್ದ, ತಾಮ್ರದ ಬಣ್ಣ, ನುಣುಪು ಮೈ. ನೋಡಿದವರು ಹಾವೆಂದೇ ಹೇಳಬೇಕು. ಸೊಪ್ಪು ತಿನ್ನುವ ಹುಳುಗಳನ್ನು ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ.

'ಹಾವೋ ಹಲ್ಲಿಯೋ ಹೇಗಮ್ಮ ಹೇಳೋದು?' ಎಂದು ಬಡಗಿ ಕೇಳಿದ.

'ಕಣ್ಣು ನೋಡು' ಎಂದಳು ಮುದುಕಿ. 'ಹಾವಿಗೆ ರೆಪ್ಪೆಯಿಲ್ಲ, ಎವೆಯಿಕ್ಕುವುದಿಲ್ಲ. ನಮ್ಮ ಈ ಹಲ್ಲಿಗಳಿಗೆ ರೆಪ್ಪೆಯಿದೆ, ಎವೆಯಿಕ್ಕುತ್ತವೆ. ಅಷ್ಟು ಹೊತ್ತು ಕಾದರೆ ಸಾಕು.'

ಬಡಗಿ ತಲೆಯಾಡಿಸಿದ. ಆದರೆ ಅವನು ತಗಡಿನ ಹತ್ತಿರ ಹೋಗುತ್ತಿರಲಿಲ್ಲ. ಅವನ ಅಣ್ಣ ಹಾವು ಕಚ್ಚಿ ಸತ್ತವನು. ಅವನ ಎದುರಿಗೇ ಸತ್ತವನು. ತಲೆಗೆ ತಿಳಿದದ್ದು ಕಾಲಿಗೆ ತಿಳಿಯಬೇಕಲ್ಲ.

ಆ ತಗಡುಗಳ ಅಡಿಗೆ ಬರುತ್ತಿದ್ದವುಗಳಲ್ಲಿ ಒಂದು ಮೋಟುಬಾಲದ್ದು. ಕಾಲಿಲ್ಲದ ಹಲ್ಲಿಯೇ. ಮುದುಕಿ ಅದನ್ನು ಇಪ್ಪತ್ತೊಂದು ವರ್ಷದಿಂದ ಬಲ್ಲಳು. ಹಿಂದೆ ಅವಳ ಗಂಡ ಆಲೂಗಡ್ಡೆ ಅಗೆಯುವಾಗ ಸನಿಕೆ ತಾಗಿ ಅದರ ಬಾಲ ತುಂಡಾಗಿತ್ತು. ಆತ ಆ ದಿನ ಊಟ ಮಾಡಲಿಲ್ಲವಂತೆ. ಮಾರನೆಯ ದಿನ ಹಿತ್ತಲಿನಲ್ಲಿ ಮೊದಲ ತಗಡು ಹಾಸಿದ. ಮುಂದೆ ಗಂಡ ಹೋದ. ತಗಡು ಹಾಸುವ ಕೆಲಸ ಹೆಂಡತಿಯ ಕೈಗೆ ಬಂತು. ಪ್ರತಿ ವರ್ಷ ಚಳಿ ಕಳೆದು ಆ ಮೋಟುಬಾಲ ಮತ್ತೆ ಕಾಣಿಸಿಕೊಂಡ ದಿನ ಆಕೆಗೆ ಹಬ್ಬ. 'ನಮ್ಮೆಜಮಾನರನ್ನು ಇದು ಕ್ಷಮಿಸಿದೆ ಕಣಪ್ಪ, ಅದಕ್ಕೇ ಬರುತ್ತೆ' ಎಂದು ಬಡಗಿಗೆ ಹೇಳುತ್ತಿದ್ದಳು.

ಒಂದು ಏಪ್ರಿಲ್ ತಿಂಗಳ ಬೆಳಿಗ್ಗೆ. ಬೇಲಿಯ ಗೂಟ ನೆಡಲು ಬಡಗಿ ಸನಿಕೆ ಹಿಡಿದು ಮುದುಕಿಯ ಹಿತ್ತಲಿಗೆ ಬಂದ. ಮುದುಕಿ ಹುಲ್ಲಿನ ಮೇಲೆ ಮಂಡಿಯೂರಿ ಕೂತಿದ್ದಳು. ಪಕ್ಕದಲ್ಲಿ ಎತ್ತಿಟ್ಟ ತಗಡು. ಆಕೆಯ ಕೈಗೂ ಆ ತಾಮ್ರದ ಬಣ್ಣದ ಮೈಗೂ ಒಂದು ಗೇಣು ಅಂತರ.

ಬಡಗಿಗೆ ಕಂಡದ್ದು ಅವನ ಅಣ್ಣನ ಕೈ.

ಸನಿಕೆ ಎತ್ತಿದ. ಮುದುಕಿ ಅಂಗೈ ತೋರಿಸಿ, 'ಒಂದು ನಿಮಿಷ' ಎಂದಳು. ಮುರಿಗೆಯ್ಯ, ನೀನು ಓದಿದವನು. ನಿಮಿಷ ಎಂದರೆ ಏನು? ಎವೆಯಿಕ್ಕುವುದಕ್ಕೇ ಹಿಂದಿನವರು ನಿಮಿಷ ಎಂದು ಹೆಸರಿಟ್ಟರು. ಆಕೆ ಕೇಳಿದ್ದು ಅಷ್ಟೇ ಕಾಲ. ಬಡಗಿ ಅಷ್ಟನ್ನೂ ಕೊಡಲಿಲ್ಲ. ರೆಪ್ಪೆ ಬಡಿದರೆ ಎಲ್ಲಿ ತಪ್ಪಿಸಿಕೊಂಡೀತೋ ಎಂದು ಅದರ ಮೇಲೆ ಕಣ್ಣು ನೆಟ್ಟು, ಎವೆಯಿಕ್ಕದೆ, ಒಂದೇ ಏಟು ಹಾಕಿದ.

ಮುದುಕಿಯ ಪ್ರಾಣ ಉಳಿಸಿದೆ ಎಂದುಕೊಂಡ. ಹುಟ್ಟಿದೂರಿನ ಪದ್ಧತಿ ಮರೆಯಲಿಲ್ಲ. ಅವನ ಊರಲ್ಲಿ ಹಾವು ಕೊಂದರೆ ಹಾಗೇ ಎಸೆಯುವುದಿಲ್ಲ. ಮನೆಗೆ ಓಡಿ ತಲೆಗೆ ನೀರು ಹಾಕಿಕೊಂಡ. ಒಂದು ಲೋಟ ಹಾಲು, ಒಂದಿಷ್ಟು ತುಪ್ಪ, ತನ್ನ ಕೆಲಸದ ಮನೆಯಿಂದ ಒಣ ಚಕ್ಕೆ ತಂದ. ಒದ್ದೆ ಬಟ್ಟೆಯಲ್ಲೇ ಆ ಚಳಿಯಲ್ಲಿ ಚಿತೆ ಒಟ್ಟಿದ. 'ನಾಗಪ್ಪ, ನಿನ್ನ ಕೊಂದೆ, ಹೊಟ್ಟೆಗೆ ಹಾಕ್ಕೊಳ್ಳಪ್ಪ' ಎಂದು ನೆಲಕ್ಕೆ ಹಣೆ ಹಚ್ಚಿದ. ಭಕ್ತಿಯಲ್ಲಿ ಒಂದು ಕೂದಲೆಳೆ ಕಡಿಮೆಯಿರಲಿಲ್ಲ. ಮುದುಕಿ ಕೂತಲ್ಲೇ ಕೂತು ನೋಡುತ್ತಿದ್ದಳು. ತಡೆಯಲಿಲ್ಲ.

ಬಾಯಿಗೆ ಹಾಲು ಬಿಡಲು ಬಡಗಿ ಬಗ್ಗಿದ. ಆಗ ಅದರ ಮುಖ ಹತ್ತಿರದಿಂದ ಕಂಡಿತು. ಕಣ್ಣು ಮುಚ್ಚಿತ್ತು.

ಹಾವಿನ ಕಣ್ಣು ಸತ್ತರೂ ಮುಚ್ಚುವುದಿಲ್ಲ, ಮುರಿಗೆಯ್ಯ. ಮುಚ್ಚುವುದಕ್ಕೆ ರೆಪ್ಪೆ ಬೇಕು.

ಬಡಗಿ ಬಾಲದ ಕಡೆ ನೋಡಿದ. ಮೋಟು.

ಲೋಟ ಹಿಡಿದ ಕೈ ಹಾಗೇ ನಿಂತಿತು. 'ಅಮ್ಮಾ, ಇದು...' ಎಂದ.

'ಹೌದು' ಎಂದಳು ಮುದುಕಿ. 'ಅದು ಎವೆಯಿಕ್ಕುವುದನ್ನು ನೀನೂ ಒಂದು ಸಲ ನೋಡಲಿ ಎಂದೇ ಒಂದು ನಿಮಿಷ ಎಂದೆ. ಈ ಹಾಲು ಯಾರಿಗಪ್ಪ?'

'ನಾಗಪ್ಪನಿಗೆ. ಕ್ಷಮಿಸಲಿ ಅಂತ.'

'ಕ್ಷಮಿಸಬೇಕಾದ್ದು ಇದು. ಕೊಂದದ್ದೂ ಬೇರೆಯವರ ಹೆಸರಲ್ಲಿ, ಕೈಮುಗಿದದ್ದೂ ಬೇರೆಯವರ ಹೆಸರಲ್ಲಿ. ಇದನ್ನು ಇದು ಎಂದು ನೀನು ಕರೆಯಲೇ ಇಲ್ಲವಲ್ಲ.'

ಆಕೆ ಬೈಯಲಿಲ್ಲ. ಬೈದಿದ್ದರೆ ಬಡಗಿ ಬದುಕಿಕೊಳ್ಳುತ್ತಿದ್ದ. ಸಂಜೆ ಆಕೆ ಅವನು ಕೊಟ್ಟಿದ್ದ ತಗಡನ್ನು ತೊಳೆದು ಒರೆಸಿ ತಂದು, ಅವನ ಬಾಗಿಲಿಗೆ ಒರಗಿಸಿಟ್ಟು ಹೋದಳು. ಮತ್ತೆ ಅವನಲ್ಲಿ ಏನನ್ನೂ ಕೇಳಲಿಲ್ಲ.

ಬಡಗಿ ಇನ್ನೂ ಒಂಬತ್ತು ವರ್ಷ ಅಲ್ಲೇ ಇದ್ದ. ಆ ತಗಡನ್ನು ತನ್ನ ಹಿತ್ತಲಿನಲ್ಲಿ ಹಾಸಿದ. ಹಾವು ಕಂಡರೆ ನಡುಗುವವನು ಪ್ರತಿ ಭಾನುವಾರ ಬೆಳಿಗ್ಗೆ ಮಂಡಿಯೂರಿ ಕೂತು ಅದನ್ನು ಎತ್ತಿ ನೋಡುತ್ತಿದ್ದ. ಯಾವುದಾದರೂ ಒಂದು ಬಂದಿರಲಿ, ಒಂದು ಸಲ ತನ್ನನ್ನು ನೋಡಿ ಎವೆಯಿಕ್ಕಲಿ ಎಂದು ಬೇಡಿಕೊಳ್ಳುತ್ತಿದ್ದ. ಒಂಬತ್ತು ವರ್ಷವೂ ತಗಡಿನಡಿ ಇದ್ದದ್ದು ಬಿಸಿಲು ಕಾಣದೆ ಬಿಳಚಿಕೊಂಡ ಹುಲ್ಲು ಮಾತ್ರ. ಆಮೇಲೆ ಊರಿಗೆ ಮರಳಿ, ಈ ಬಾಗಿಲು ಮಾಡುವಾಗ ನನಗೆ ಇದನ್ನು ಹೇಳಿದ. ಬಾಗಿಲು ಕೂರಿಸಿ ಹೊರಟಾಗ ಕೂಲಿ ತೆಗೆದುಕೊಳ್ಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಯ್ಯ ಬಾಗಿಲನ್ನು ಒಮ್ಮೆ ತಿರುಗಿ ನೋಡಿದ. ಅವನಿಗೆ ಬಡಗಿಯ ಮೇಲೆ ಮರುಕ ಹುಟ್ಟಿತ್ತು.

"ಅಯ್ಯೋ ಪಾಪ" ಎಂದ. "ಹಾಗಾದ್ರೆ ಆ ಹಿತ್ತಲಲ್ಲಿ ಅವತ್ತು ಹಾವೇ ಇರಲಿಲ್ಲವಾ ಬುದ್ಧಿ?"

"ಇತ್ತಲ್ಲ ಮುರಿಗೆಯ್ಯ, ಎವೆಯಿಕ್ಕದೆ ನೋಡುತ್ತಿದ್ದದ್ದು ಒಂದೇ ಒಂದು."