ಬೆಂಕಿಕಡ್ಡಿಯ ನೆಂಟಸ್ತಿಕೆ

ಮರದ ತಿರುಳಿನ ನೂಲಿನಿಂದ ನೇಯ್ದ ರೇಯಾನ್ ಸೀರೆಯೊಂದು ಜವಳಿ ಅಂಗಡಿಯಲ್ಲಿ ರೇಷ್ಮೆ ಸೀರೆಗಳ ನಡುವೆ ಬೀಗುತ್ತ ಕೂತಿತ್ತು. ಗಲ್ಲಾಪೆಟ್ಟಿಗೆಯ ಮೇಲಿದ್ದ ಬೆಂಕಿಕಡ್ಡಿ ಅದನ್ನು ನೋಡಿ, "ಅಕ್ಕಾ, ನಾವಿಬ್ಬರೂ ಮರದ ಮಕ್ಕಳಲ್ಲವೇ?" ಎಂದಿತು.

"ಛೀ, ದೂರ ಇರು, ಸೌದೆ ಚೂರೇ! ನನ್ನ ನುಣುಪು ನೋಡು, ಹೊಳಪು ನೋಡು. ನಮ್ಮದು ರೇಷ್ಮೆಯ ವಂಶ."

ಅಷ್ಟರಲ್ಲಿ ಮದುವೆ ಜವಳಿಗೆ ಬಂದ ಪದ್ದಕ್ಕ ಆ ಸೀರೆಯನ್ನೇ ಎತ್ತಿಕೊಂಡಳು. ವಾಡಿಕೆಯಂತೆ ಸೆರಗಿನ ತುದಿಯಿಂದ ಒಂದೆಳೆ ಕಿತ್ತು, ಅದೇ ಕಡ್ಡಿ ಗೀರಿ, ಸುಟ್ಟು ಮೂಸಿದಳು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಬಂದದ್ದು ಕಾಗದ ಸುಟ್ಟ ವಾಸನೆ.

"ಮನೇಲಿ ಉಡೋಕೆ ತಂಪಾಗಿರುತ್ತೆ, ಧಾರೆಗೆ ಬೇಡಪ್ಪಾ," ಎಂದು ಪಕ್ಕಕ್ಕೆ ತಳ್ಳಿದಳು.

ಆರುವ ಮುನ್ನ ಕಡ್ಡಿ ನಕ್ಕಿತು: "ನೀನು ಬಿಟ್ಟರೂ ನಿನ್ನ ಹೊಗೆ ನೆಂಟಸ್ತಿಕೆ ಬಿಡಲಿಲ್ಲ ನೋಡಕ್ಕಾ!"