ನಾಳೆಯ ಬೆಟ್ಟ

ಆಂಡಿಸ್ ಪರ್ವತಗಳ ನಡುವೆ ಚಾಕಿಮಾಯು ಎಂಬ ಕಣಿವೆಯಿದೆ. ಆ ನಾಡಿನ ಭಾಷೆಯಲ್ಲಿ ಹೆಸರಿಗೆ ‘ಬತ್ತಿದ ಹೊಳೆ’ ಎಂದರ್ಥ. ಊರು ದಾಟಿ, ಹೇಸರಗತ್ತೆಗಳು ಓಡಾಡುತ್ತಿದ್ದ ಹಳೆಯ ದಾರಿ ಹಿಡಿದು ಉತ್ತರಕ್ಕೆ ನಡೆದರೆ, ಹುಲ್ಲುಕಡ್ಡಿಯೂ ಬೆಳೆಯದ ಕೆಂಪು ಬೆಟ್ಟವೊಂದು ಒಂಟಿಯಾಗಿ ನಿಂತಿರುವುದು ಕಾಣುತ್ತದೆ. ನೆತ್ತಿಯ ಮೇಲೆ ಸ್ಪೇನಿನವರು ಕಟ್ಟಿದ ಕೋಟೆಯ ಮುರುಕು ಗೋಡೆಗಳಿವೆ. ಬುಡದಲ್ಲಿ ಬಂಡೆಯ ಸಂದಿನಿಂದ ತೋಳಿನಷ್ಟು ದಪ್ಪದ ಒರತೆಯೊಂದು ವರ್ಷವಿಡೀ ಹರಿಯುತ್ತದೆ. ನಕಾಶೆಯಲ್ಲಿ ಬೆಟ್ಟಕ್ಕೆ ಯಾವನೋ ಸಂತನ ಹೆಸರಿದೆ. ಕಣಿವೆಯಲ್ಲಿ ಆ ಹೆಸರು ಹೇಳಿ ದಾರಿ ಕೇಳಿದರೆ ಯಾರಿಗೂ ತಿಳಿಯದು. ಅವರಿಗೆ ಅದು ಸೆರ್ರೊ ಮಾನ್ಯಾನಾ, ಎಂದರೆ ನಾಳೆಯ ಬೆಟ್ಟ. ಹೊಸಬರು ಇದನ್ನು ಭರವಸೆಯ ಹೆಸರೆಂದು ಮೆಚ್ಚಿಕೊಳ್ಳುವುದುಂಟು. ಊರಿನ ಹಿರಿಯರು ಅಂಥವರನ್ನು ಕೂರಿಸಿಕೊಂಡು ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಸ್ಪೇನಿನ ದೊರೆಯ ಆಳ್ವಿಕೆಯನ್ನು ಕಿತ್ತೊಗೆಯಲು ಆ ಸೀಮೆಯೆಲ್ಲ ಎದ್ದು ನಿಂತಿದ್ದ ಕಾಲದಲ್ಲಿ, ಚಾಕಿಮಾಯುವಿಗೆ ಇಬ್ಬರು ಮುಖಂಡರಿದ್ದರು. ಒಬ್ಬರು ಆನ್ಸೆಲ್ಮೊ ಯಾನ್ಯೆಸ್ ಎಂಬ ವಕೀಲರು. ಊರವರು ಕಟ್ಟಿಕೊಂಡ ಸ್ವತಂತ್ರ ಸಭೆಗೆ ಅವರೇ ಅಧ್ಯಕ್ಷರು. ಇನ್ನೊಬ್ಬ ಮೆಲ್ಚೋರ್ ಕಿಸ್ಪೆ. ಹೇಸರಗತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಕಣಿವೆಯಿಂದ ಕಣಿವೆಗೆ ಅಲೆಯುತ್ತಿದ್ದವನು, ದಂಗೆಯೆದ್ದಾಗ ಈಟಿ ಹಿಡಿದ ಸವಾರರಿಗೆ ದಳಪತಿಯಾದ. ಬೆಟ್ಟದ ಕೋಟೆಯಲ್ಲಿ ದೊರೆಯ ಪರವಾಗಿ ಇದ್ದವನು ಕರ್ನಲ್ ಬಾಲ್ತಸಾರ್ ಉರೇನ್ಯಾ. ಸಂಧಾನಕ್ಕೆಂದು ಬಿಳಿ ಬಾವುಟ ತೋರಿಸಿ ಮೆಲ್ಚೋರನನ್ನೂ ಅವನ ಜೊತೆಗಾರರನ್ನೂ ಮೇಲಕ್ಕೆ ಕರೆಸಿಕೊಂಡ ಅವನು, ಅವರು ಬಾಗಿಲು ದಾಟಿದೊಡನೆ ಕೈ ಕಟ್ಟಿಸಿದ. ಕೋಟೆಯಲ್ಲಿ ಸೆರೆಮನೆ ಇರಲಿಲ್ಲ. ಮಳೆನೀರು ತುಂಬಿಡಲು ಬಂಡೆಯಲ್ಲಿ ಕೊರೆದ ಆಳವಾದ ತೊಟ್ಟಿಯಿತ್ತು. ಅದನ್ನು ಬರಿದು ಮಾಡಿಸಿ, ಸೆರೆಯಾಳುಗಳನ್ನು ಒಳಗಿಳಿಸಿ, ಏಣಿಯನ್ನು ಮೇಲಕ್ಕೆಳೆಸಿದ. ಕುಡಿಯುವ ನೀರನ್ನು ಹೇಗೂ ದಿನಾ ಬೆಳಿಗ್ಗೆ ಒರತೆಯಿಂದ ಹೇಸರಗತ್ತೆಗಳು ಹೊತ್ತು ತರುತ್ತಿದ್ದವು. ತೊಟ್ಟಿ ಬರಿದಾದರೆ ಕೋಟೆಗೇನೂ ನಷ್ಟವಿಲ್ಲವೆಂದು ಕರ್ನಲ್ ಲೆಕ್ಕ ಹಾಕಿದ್ದ.

ಮೆಲ್ಚೋರನ ಹೆಂಡತಿ ಮಾರ್ತಿನಾ ಮರುದಿನವೇ ನೀರಿನ ಕೊಡ ಹೊತ್ತು ಬೆಟ್ಟ ಹತ್ತಿದಳು. ಬಿಸಿಲೇರಿದರೆ ಆ ತೊಟ್ಟಿ ಕಾದ ಹಂಚಿನಂತಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬಾಗಿಲ ಬಳಿ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಉರೇನ್ಯಾ ಅವಳ ಬಿನ್ನಹವನ್ನು ಪೂರ್ತಿ ಕೇಳಿಸಿಕೊಂಡ, ದೊಡ್ಡ ಮನುಷ್ಯನಂತೆ ಟೋಪಿಯನ್ನೂ ತೆಗೆದ. ಆಮೇಲೆ “ಮಾನ್ಯಾನಾ” ಎಂದ. ನಾಳೆ ಬಾ ಎಂದು. ಅವಳು ಮರುದಿನವೂ ಹತ್ತಿದಳು, ಅದರ ಮರುದಿನವೂ ಹತ್ತಿದಳು. ತೊಟ್ಟಿಯೊಳಗಿನಿಂದ ಗಂಡ ಮೊದಮೊದಲು ಅವಳ ಹೆಸರು ಹಿಡಿದು ಕೂಗುತ್ತಿದ್ದ, ಆಮೇಲೆ ಬರೀ ನರಳಾಟ ಕೇಳಿತು, ಆಮೇಲೆ ಅದೂ ನಿಂತಿತು. ಹೆಣವನ್ನಾದರೂ ಕೊಡಿ ಎಂದು ಬೇಡಿದಾಗಲೂ ಕರ್ನಲ್ ಅದೇ ಮಾತಾಡಿದ. ಸುತ್ತ ನಿಂತಿದ್ದ ಅಧಿಕಾರಿಗಳು ಆಗ ನಕ್ಕರು ಎನ್ನುತ್ತಾರೆ. ಮಾರ್ತಿನಾ ಕೊಡವನ್ನು ಬಾಗಿಲಲ್ಲೇ ಬಿಟ್ಟು ಇಳಿದಳು. ಮನೆಗೆ ಹೋಗಿ ಗಂಡನ ಈಟಿ ತೆಗೆದುಕೊಂಡು, ಸವಾರರು ಬೀಡುಬಿಟ್ಟಿದ್ದ ಕಡೆಗೆ ನಡೆದಳು. ಅವಳನ್ನು ನಾಯಕಿಯೆಂದು ಯಾರೂ ಆರಿಸಲಿಲ್ಲ, ಬೇಡವೆಂದವರೂ ಇಲ್ಲ.

ಅವಳು ಕೋಟೆಯ ಗೋಡೆಯ ಹತ್ತಿರವೂ ಸುಳಿಯಲಿಲ್ಲ. ಒರತೆಯನ್ನು ಹಿಡಿದು ಕೂತಳು. ನೀರಿಗೆಂದು ಇಳಿದ ಹೇಸರಗತ್ತೆಗಳು ಹಿಂದಿರುಗಲಿಲ್ಲ. ಉರೇನ್ಯಾ ಸಿಪಾಯಿಗಳನ್ನು ಕೆಳಕ್ಕೆ ನುಗ್ಗಿಸಿ ನೋಡಿದ. ಬಂಡೆಗಳ ಮರೆಯಿಂದ ಎದ್ದ ಈಟಿಗಳು ಉಳಿದವರನ್ನು ಮತ್ತೆ ಮೇಲಕ್ಕಟ್ಟಿದವು. ತೊಟ್ಟಿಯಲ್ಲಿ ಹನಿ ನೀರಿಲ್ಲ, ಅಲ್ಲಿ ಇದ್ದದ್ದು ಹೆಣಗಳು. ಆಗ ಮಾರ್ತಿನಾ ಕೋಟೆಗೆ ಕೇಳುವಂತೆ ಕೂಗಿಸಿದಳು: ಬಂದೂಕು ಬಿಟ್ಟು ಇಳಿದವನಿಗೆ ಹೊಟ್ಟೆ ತುಂಬ ನೀರು, ಮನೆಗೆ ಹೋಗಲು ದಾರಿ. ಸಿಪಾಯಿಗಳಲ್ಲಿ ಹೆಚ್ಚಿನವರು ನೆರೆಯ ಕಣಿವೆಗಳಿಂದ ಬಲವಂತವಾಗಿ ಎಳೆದು ತಂದ ರೈತರು. ಒಬ್ಬನ ಹಿಂದೆ ಒಬ್ಬ ಇಳಿದು ಬಂದ. ಕೊನೆಗೆ, ಅಂದು ನಕ್ಕಿದ್ದ ಅಧಿಕಾರಿಗಳೂ ಇಳಿದರು. ಅವರ ಮುಖ ಗುರುತು ಹಿಡಿದೂ ಅವಳು ತನ್ನ ಕೈಯಾರೆ ನೀರು ಹೊಯ್ದಳು. ಎಲ್ಲರೂ ಹೋದ ಮೇಲೆ ಉರೇನ್ಯಾ ಒಬ್ಬನೇ ಇಳಿಯತೊಡಗಿದ. ಅರ್ಧ ದಾರಿಯಲ್ಲಿ ಮಾರ್ತಿನಾಳೂ ಸವಾರರೂ ಅಡ್ಡ ನಿಂತರು. ಕಾಲು ಸೋತು ಬಂಡೆಗೊರಗಿ ಕುಸಿದ ಕರ್ನಲ್, ಒಡೆದ ತುಟಿಗಳನ್ನು ಅಲ್ಲಾಡಿಸಿ ನೀರು ಕೇಳಿದ.

“ಮಾನ್ಯಾನಾ,” ಎಂದಳು ಮಾರ್ತಿನಾ.

ಅದೇ ಮಧ್ಯಾಹ್ನ, ಮಾರ್ತಿನಾ ಒರತೆಗೆ ಮರಳಿದ ಮೇಲೆ, ವಕೀಲ ಆನ್ಸೆಲ್ಮೊ ಕುದುರೆ ಓಡಿಸಿಕೊಂಡು ಅಲ್ಲಿಗೆ ಬಂದರು. ಅವರ ತಮ್ಮ ಫೆರ್ಮೀನ್ ಪಟ್ಟಣದಲ್ಲಿ ಸ್ಪೇನಿನವರ ಸೆರೆಯಲ್ಲಿದ್ದ. ಕರ್ನಲನನ್ನು ಜೀವಸಹಿತ ಒಪ್ಪಿಸಿದರೆ ಫೆರ್ಮೀನನನ್ನು ಜೀವಸಹಿತ ಬಿಡುತ್ತೇವೆಂದು ಅಲ್ಲಿಯ ಸೇನಾಪತಿ ಪಾದ್ರಿಯೊಬ್ಬರ ಮೂಲಕ ಹೇಳಿಕಳಿಸಿದ್ದ.

“ಅವನು ಬದುಕಿದ್ದಾನೆಯೇ?” ಎಂದು ಕೇಳಿದರು ವಕೀಲರು.

“ಇದ್ದಾನೆ.”

“ಹಾಗಾದರೆ ನನ್ನ ತಮ್ಮನೂ ಬದುಕುತ್ತಾನೆ. ಅವನನ್ನು ನನಗೊಪ್ಪಿಸು, ಮಾರ್ತಿನಾ. ಇದು ನನ್ನೊಬ್ಬನ ಮಾತಲ್ಲ, ಸಭೆಯ ಅಪ್ಪಣೆ.”

“ನನ್ನ ಗಂಡ ತೊಟ್ಟಿಯಲ್ಲಿದ್ದಾಗ ನಿಮ್ಮ ಸಭೆ ಎಲ್ಲಿತ್ತು, ವಕೀಲರೇ? ನಾನು ಬಂದು ಕಾಲಿಗೆ ಬಿದ್ದೆ. ಸಂಧಾನ ನಡೆಯುತ್ತಿದೆ, ನಾಳೆ ನೋಡೋಣ ಅಂದಿರಿ. ನೀವೂ ನಾಳೆ ಅಂದಿರಿ.”

ವಕೀಲರು ತೊಗಲಿನ ಚೀಲವೊಂದನ್ನು ಒರತೆಗೆ ಹಿಡಿದು ತುಂಬಿಸಿ, ಹೆಗಲಿಗೆ ಹಾಕಿಕೊಂಡು ತಾವೇ ಬೆಟ್ಟ ಹತ್ತತೊಡಗಿದರು. ಸಭೆಯ ಅಧ್ಯಕ್ಷರ ಮೈ ಮುಟ್ಟಿ ತಡೆಯುವ ಧೈರ್ಯ ಸವಾರರಲ್ಲಿ ಯಾರಿಗೂ ಬರಲಿಲ್ಲ. ಕರ್ನಲ್ ಕೂತಿದ್ದ ಬಂಡೆ ಇನ್ನೇನು ಹತ್ತಿರವಾಯಿತು ಎನ್ನುವಾಗ ಮಾರ್ತಿನಾ ಓಡಿ ಬಂದು ಎದುರು ನಿಂತಳು. ಅವಳು ಚಾಕು ತೆಗೆದಾಗ ತಮ್ಮನ್ನೇ ಇರಿಯುತ್ತಾಳೆಂದು ವಕೀಲರು ಕಣ್ಣು ಮುಚ್ಚಿಕೊಂಡರಂತೆ. ಅವಳು ಚೀಲವನ್ನು ಸೀಳಿದಳು. ನೀರು ಕೆಂಪು ಮಣ್ಣಿಗೆ ಬಿದ್ದು ಇಂಗಿಹೋಯಿತು. ಅದನ್ನು ಕಂಡು ಉರೇನ್ಯಾ ಹಾಕಿದ ಕೂಗು ಕೆಳಗಿನ ಕುದುರೆಗಳನ್ನು ಬೆದರಿಸಿತು.

“ಫೆರ್ಮೀನನಿಗಾಗಿ ನಾನೂ ಅಳುತ್ತೇನೆ,” ಎಂದಳು ಅವಳು. “ಆದರೆ ಇವನಿಗೆ ನೀರಿಲ್ಲ.”

ಮರುದಿನ ಬಿಸಿಲೇರುವ ಹೊತ್ತಿಗೆ ಕರ್ನಲ್ ಸತ್ತ. ಸುದ್ದಿ ಮುಟ್ಟಿದ ಕೂಡಲೇ ಪಟ್ಟಣದ ಚೌಕದಲ್ಲಿ ಫೆರ್ಮೀನನನ್ನು ಗುಂಡಿಟ್ಟು ಕೊಂದರು. ಆ ಮೇಲೆ ವಕೀಲರು ಮಾರ್ತಿನಾಳೊಂದಿಗೆ ಮಾತಾಡಲೇ ಇಲ್ಲ. ಹೋರಾಟ ಇನ್ನೂ ಬಹುಕಾಲ ನಡೆಯಿತು; ಇಬ್ಬರೂ ಅದನ್ನು ಜೊತೆಯಾಗಿಯೇ ನಡೆಸಿದರು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮೂರನೆಯವರು ಮುಟ್ಟಿಸುತ್ತಿದ್ದರು. ಸ್ಪೇನಿನ ಬಾವುಟ ಇಳಿದ ದಿನ ಚೌಕದಲ್ಲಿ ವಕೀಲರು ಮಡಿದವರ ಹೆಸರುಗಳನ್ನು ಹೇಳುತ್ತ ಮೊದಲು ಮೆಲ್ಚೋರನ ಹೆಸರನ್ನೂ ಆಮೇಲೆ ತಮ್ಮನ ಹೆಸರನ್ನೂ ಹೇಳಿದರು. ಜನರ ಹಿಂದೆ ಈಟಿ ಊರಿ ನಿಂತಿದ್ದ ಮಾರ್ತಿನಾ ಎರಡಕ್ಕೂ ತಲೆ ಬಾಗಿಸಿದಳು. ಅವಳು ಮುದುಕಿಯಾಗಿ ಸಾಯುವ ಮುನ್ನ, ಪಶ್ಚಾತ್ತಾಪವುಂಟೇ ಎಂದು ಪಾದ್ರಿ ಕೇಳಿದರಂತೆ. “ಫೆರ್ಮೀನನ ಬಗ್ಗೆ ಉಂಟು. ಇನ್ನೊಬ್ಬನ ಬಗ್ಗೆ ಇಲ್ಲ. ಆ ದಿನ ಮತ್ತೆ ಬಂದರೆ ಮತ್ತೆ ಒರತೆಯ ಬಳಿಯೇ ಕೂರುತ್ತೇನೆ,” ಎಂದಳು. ಬೆಟ್ಟದ ಹೆಸರು ಕರ್ನಲನ ಮಾತಿನಿಂದ ಬಂತೆಂದು ವಕೀಲರ ಯಾನ್ಯೆಸ್ ಮನೆತನದವರು ಹೇಳುತ್ತಾರೆ, ಮಾರ್ತಿನಾಳ ಮಾತಿನಿಂದ ಬಂತೆಂದು ಉಳಿದವರು.

ಇಂದು ಮೇಲೆ ಹತ್ತಿದವರಿಗೆ ಆ ತೊಟ್ಟಿ ಕಾಣಸಿಗುತ್ತದೆ, ಒಳಗೆ ಪಾಪಾಸುಕಳ್ಳಿ ಬೆಳೆದಿದೆ. ಅರ್ಧ ದಾರಿಯಲ್ಲಿ, ಬಂಡೆಯೊಂದರ ಮಗ್ಗುಲಲ್ಲಿ, ಆಳೆತ್ತರಕ್ಕೂ ಮೀರಿದ ಕಲ್ಲುರಾಶಿಯಿದೆ. ಉರೇನ್ಯಾನಿಗೆ ಗುಂಡಿ ತೋಡಲು ಮಾರ್ತಿನಾ ಬಿಡದ ಕಾರಣ ಸವಾರರು ಅವನ ಮೇಲೆ ಕಲ್ಲು ಒಟ್ಟಿದರು. ಆ ಪರ್ವತಗಳಲ್ಲಿ ದಾರಿಹೋಕರು ಬೆಟ್ಟಕ್ಕೆ ಕಾಣಿಕೆಯೆಂದು ರಾಶಿಗೆ ಕಲ್ಲು ಸೇರಿಸುವುದು ವಾಡಿಕೆ. ಇದನ್ನೂ ಅಂಥದೇ ಎಂದು ತಿಳಿದು ಹೊಸಬರು ಕೈಮುಗಿಯುತ್ತಾರೆ. ಮೇಕೆ ಹೊಡೆದುಕೊಂಡು ಬರುವ ಹೆಂಗಸರು ಮಾತು ನಿಲ್ಲಿಸದೆಯೇ ಬಗ್ಗಿ ಒಂದು ಕಲ್ಲೆತ್ತಿ ಅದರ ಮೇಲೆಸೆದು ಮುಂದೆ ಹೋಗುತ್ತಾರೆ. ಯಾಕೆ ಹೀಗೆ ಎಂದು ಕೇಳಿದವರಿಗೆ ಅವರಲ್ಲೊಬ್ಬ ಅಜ್ಜಿ ಹೇಳಿದ ಉತ್ತರ ಇಷ್ಟೇ: “ಭಾರ ಕಡಿಮೆಯಾದರೆ ಎದ್ದು ನೀರಿಗೆ ಬಂದಾನು.”