ತೊಟ್ಟಿಲ ಮುಂದೆ ಆಡಿದ ಮಾತು

"ಕೇಳಿರಯ್ಯಾ ಕಣಿವೆದುರ್ಗದ ಜನರೇ! ಯುವರಾಜನ ಕಿವಿಗೆ ಕೀಳು ಮಾತು ಹಾಕಿದ ದಾದಿ ಸಣ್ಣೀರವ್ವನ ತಲೆ ಸೋಮವಾರ ಉರುಳುತ್ತದೆ. ಅದಕ್ಕೆ ಮುಂಚೆ ಪದ್ಧತಿಯಂತೆ ರಾಜಕುಮಾರಿ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆಯೂ ದಾದಿಯ ಜೊತೆಗೇ ಹೋಗುತ್ತದೆ!" ಎಂದು ಡಂಗುರದವನು ಸಾರಿದ.

ಆ ಅರಮನೆಯಲ್ಲೊಂದು ಕಟ್ಟಳೆಯಿತ್ತು. ಗಂಡುಮಗು ಹುಟ್ಟಿದರೆ ಮೂರು ವರ್ಷ ಅದರೆದುರು ಯಾರೂ ತುಟಿ ಬಿಚ್ಚುವಂತಿಲ್ಲ. ಮೊದಲು ಕಿವಿಗೆ ಬೀಳುವುದು ಪಂಡಿತರ ಶುದ್ಧ ಮಾತೇ ಆಗಬೇಕು. ಇಂಥ ಬುದ್ಧಿವಂತಿಕೆ ಅರಮನೆಗಳಲ್ಲಿ ಮಾತ್ರ ಹುಟ್ಟುತ್ತದೆ. ಮೂರು ತುಂಬಿದರೂ ಯುವರಾಜ ಪಂಡಿತರ ಮುಂದೆ ಬಾಯಿ ಬಿಡಲಿಲ್ಲ. ದಾದಿ ಗುಟ್ಟಾಗಿ ಮಾತಾಡಿಸಿದ್ದನ್ನು ಕಾವಲಿನವನು ಕೇಳಿಸಿಕೊಂಡಿದ್ದ. ಅದರಿಂದಲೇ ಮಗು ಮೂಕವಾಯಿತೆಂದು ದೊರೆ ಹರಿಯಮನಾಯಕ ತೀರ್ಮಾನಿಸಿದ.

ಹದಿನಾಲ್ಕರ ರಾಜಕುಮಾರಿ ದೇವಾಜಿ ತಂದೆಯೊಡನೆ ಮಾತು ಬಿಟ್ಟು ವರ್ಷವಾಗಿತ್ತು. ಒಗಟನ್ನು ಮಾತ್ರ ಸಭೆಗೆಲ್ಲ ಕೇಳುವಂತೆ ಹೇಳಿದಳು.

"ಅಕ್ಷರವಿಲ್ಲ, ಪದವಿಲ್ಲ, ಕಲಿಸಿದವರಿಲ್ಲ. ಆದರೂ ಅದೊಂದು ಭಾಷೆ. ಎಲ್ಲರಿಗೂ ಕೇಳಿಸುತ್ತದೆ, ಒಬ್ಬಳಿಗೆ ಮಾತ್ರ ಪೂರಾ ಅರ್ಥವಾಗುತ್ತದೆ. ಯಾವುದದು?"

ಆಸ್ಥಾನ ಪಂಡಿತ ಮೀಸೆ ತಿರುವಿ ವೀಣೆಯ ನಾದವೆಂದ. ಜಹಗೀರುದಾರನೊಬ್ಬ ಯುದ್ಧದ ನಗಾರಿಯೆಂದ. ಇಬ್ಬರನ್ನೂ ಸೆರೆಗೆ ತಳ್ಳಿದರು. ಉಳಿದವರು ಹಿಂದಿನ ಸಾಲಿಗೆ ಸರಿದರು.

ಆಗ ಮುಂದೆ ಬಂದವನು ಕಂಬಳಿ ನೇಯುವ ಮೈಲಾರಿ, ದಾದಿಯ ತಮ್ಮ. ತಾಯಿ ಸತ್ತ ಮೇಲೆ ಅಕ್ಕತಮ್ಮ ಸೇರಿ ಮೂವರು ಎಳೆಯ ಒಡಹುಟ್ಟಿದವರನ್ನು ಸಾಕಿದ್ದರು.

"ಕೂಸಿನ ಅಳು, ಅಮ್ಮಣ್ಣಿ. ಹಸಿದಾಗ ಅಳೋದು ಬೇರೆ, ನಿದ್ದೆ ಬಂದಾಗ ಅಳೋದು ಬೇರೆ. ಸಾಕಿದೋಳಿಗೆ ಗೊತ್ತಾಗ್ತದೆ" ಎಂದ.

ದೇವಾಜಿ ತಲೆಯಾಡಿಸಿ ಎರಡನೆಯದನ್ನು ಕೇಳಿದಳು. "ಒಂದೇ ಪ್ರಶ್ನೆ ಹಿಡಿದು ದಿನವಿಡೀ ಭಿಕ್ಷೆ ಬೇಡುತ್ತಾನೆ. ಎಷ್ಟು ಹಾಕಿದರೂ ಜೋಳಿಗೆ ತುಂಬುವುದಿಲ್ಲ. ಯಾರವನು?"

ಸನ್ಯಾಸಿ ಇರಬೇಕೆಂದು ಮಂತ್ರಿ ತನ್ನಷ್ಟಕ್ಕೇ ಗೊಣಗಿದ. ಮೈಲಾರಿಗೆ ನಗು ಬಂತು. "ನಾಕು ವರ್ಷದ ಹುಡುಗ. ಯಾಕೆ, ಯಾಕೆ ಅಂತ ಪ್ರಾಣ ತಿಂತಾನೆ. ಆದ್ರೆ ಹಾಗೆ ಕೇಳಬೇಕಾದ್ರೆ, ಮೊದಲು ಯಾರಾದ್ರೂ ಅವನ ಜೊತೆ ಮಾತಾಡಿರಬೇಕು."

ನಾಲಿಗೆ ಬಿಗಿ ಹಿಡಿಯೆಂದು ದೊರೆ ಗದರಿದ.

"ತಲೆ ಹೋಗೋದಾದ್ರೆ ನಾಲಿಗೆ ಯಾಕೆ ಉಳಿಸಿಕೊಳ್ಳಲಿ, ದೊರೆ? ಮೂರನೇದು ಹೇಳಿ, ಅಮ್ಮಣ್ಣಿ."

"ಸಾವಿರ ಮಾತು ಬಲ್ಲವರು. ಗೆಳೆಯರ ಮುಂದೆ ಮಾತಿಗೆ ಕೊನೆಯಿಲ್ಲ, ಮನೆಯಲ್ಲಿ ಮಾತಿಗೇ ಬರ. ಯಾರಿವರು?" ಹೇಳುವಾಗ ಅವಳು ತಂದೆಯ ಕಡೆ ನೋಡಲಿಲ್ಲ.

ಮೈಲಾರಿ ಅವಳನ್ನೇ ನೋಡಿದ. ಉತ್ತರ ಎದುರಿಗೇ ಕೂತಿತ್ತು. ಹೇಳಲು ಧೈರ್ಯ ಬೇಕಿತ್ತು, ಅಷ್ಟೇ.

"ನಿಮ್ಮ ವಯಸ್ಸಿನೋರು. ಈ ಪ್ರಾಯದಲ್ಲಿ ಮಾತಿನೊಳಗೆ ಮಾತು ಇಡೋದು ಕಲೀತಾರೆ, ವಾದ ಮಾಡೋದು ಕಲೀತಾರೆ. ಮನೇಲಿ ಬರೀ ಅಪ್ಪಣೆ ಇದ್ರೆ ಸುಮ್ಮನಾಗ್ತಾರೆ. ಅಳುವಾಗ ಒಬ್ಬರು ಕೇಳಬೇಕು, ಯಾಕೆ ಅಂದಾಗ ಒಬ್ಬರು ಹೇಳಬೇಕು, ಎದುರು ಮಾತಾಡಿದಾಗ ಒಬ್ಬರು ತಾಳಿಕೋಬೇಕು. ಮಾತು ಬೆಳೆಯೋದು ಹಾಗೆ. ನನ್ನಕ್ಕ ಮಾಡಿದ್ದು ಅದನ್ನೇ. ಅದು ತಪ್ಪಾದ್ರೆ ನನ್ನ ತಲೆ ಮೊದಲು ತೆಗೀರಿ."

ದೇವಾಜಿ ಎದ್ದು ತಂದೆಯ ಕಡೆ ತಿರುಗಿದಳು.

"ಮೂರೂ ಸರಿ, ಅಪ್ಪಾಜಿ. ಇನ್ನೊಂದು ಕೇಳಿ. ತಮ್ಮ ಮೂಕನಲ್ಲ. ಸಣ್ಣೀರವ್ವನ ಹತ್ತಿರ, ನನ್ನ ಹತ್ತಿರ ಚೆನ್ನಾಗಿ ಮಾತಾಡ್ತಾನೆ. ನಿಮ್ಮನ್ನು ಕಂಡರೆ ಅವನಿಗೆ ಭಯ. ನಾನೂ ದಿನಾ ಅವನನ್ನು ಮಾತಾಡಿಸಿದ್ದೀನಿ. ಅವಳ ತಲೆ ತೆಗೆಸೋದಾದ್ರೆ ನನ್ನದನ್ನೂ ತೆಗೆಸಿ."

ಮಗಳು ದೊರೆಯೊಡನೆ ನೇರ ಮಾತಾಡಿ ವರ್ಷವಾಗಿತ್ತು, ಈಗ ಆಡಿದ್ದು ಇಂಥ ಮಾತು. ಏನು ಬೇಕೆಂದು ದೊರೆ ಮೈಲಾರಿಯನ್ನು ಕೇಳಿದ. ಅಕ್ಕನನ್ನು ಬಿಡಬೇಕು, ಸೆರೆಯ ಇಬ್ಬರನ್ನೂ ಬಿಡಬೇಕು, ಆ ಕಟ್ಟಳೆಯನ್ನು ಇಂದೇ ಅಳಿಸಬೇಕು ಎಂದ ಮೈಲಾರಿ. ದೊರೆ ಮೂರಕ್ಕೂ ಒಪ್ಪಿದ. ಜೊತೆಗೆ ಒಂದು ದೊಡ್ಡ ಹುಲ್ಲುಗಾವಲನ್ನೂ ಕೊಟ್ಟ.

ಸಣ್ಣೀರವ್ವನನ್ನು ಕರೆತಂದರು. ಯುವರಾಜ ಓಡಿಬಂದು ಅವಳ ಸೊಂಟ ಏರಿ ಮುಖ ಮುಚ್ಚಿಕೊಂಡ. ದೊರೆ ಹತ್ತಿರ ಬಂದು ನಿಂತ. ಮಗನೊಡನೆ ಏನು ಮಾತಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ಮೊದಲು ಕೂತ್ಕೊಳ್ಳಿ, ದೊರೆ" ಎಂದಳು ಸಣ್ಣೀರವ್ವ, ಮಗುವನ್ನು ಕೆಳಗಿಳಿಸುತ್ತ. "ಅಷ್ಟೆತ್ತರದಿಂದ ಆಡಿದ ಮಾತು ಮಕ್ಕಳಿಗೆ ಮುಟ್ಟಲ್ಲ."

ಇಡೀ ಸಭೆ ನೋಡುತ್ತಿದ್ದಂತೆ ಕಣಿವೆದುರ್ಗದ ದೊರೆ ನೆಲದ ಮೇಲೆ ಕೂತ.